ಮೂರೂವರೆ ಪರ್ಸೆಂಟು

ಬ್ಯಾರೋಮೀಟರ್ ರಿಪೇರಿಯಾಗಿ ವಾಪಸು ಬಂದಿತ್ತು. ರಟ್ಟಿನ ಪೆಟ್ಟಿಗೆಯೊಳಗೆ ಹಳೆಯ ಪತ್ರಿಕೆಗಳ ಉಂಡೆ, ಉಂಡೆಗಳ ನಡುವೆ ತಟ್ಟೆಯಗಲದ ಹಿತ್ತಾಳೆಯ ಉಪಕರಣ. ಬೆಳಿಗ್ಗೆ ಏಳೂಕಾಲಾಗಿತ್ತು, ಆಸ್ಪತ್ರೆಯ ನೆಲಮಾಳಿಗೆಗೆ ಇನ್ನೂ ಯಾರೂ ಬಂದಿರಲಿಲ್ಲ. ಅವನು ಅದನ್ನು ಅಂಗಿಯ ತುದಿಯಿಂದ ಒರೆಸಿ, ತನ್ನ ಕೋಣೆಯ ಗೋಡೆಯಲ್ಲಿ ಎರಡು ವಾರದಿಂದ ಖಾಲಿ ನಿಂತಿದ್ದ ಮೊಳೆಗೆ ತೂಗುಹಾಕಿದ. ಮೊಳೆಯ ಸುತ್ತ ಬಣ್ಣ ಮಾಸದೆ ಉಳಿದಿದ್ದ ವೃತ್ತ ಸರಿಯಾಗಿ ಮುಚ್ಚಿಹೋಯಿತು. ಇಷ್ಟು ಸಣ್ಣದೊಂದು ಸರಿಹೋದದ್ದಕ್ಕೂ ಸಮಾಧಾನಪಡುವ ವಯಸ್ಸು ಬಂತಲ್ಲ ಅಂದುಕೊಂಡ. ಮುಳ್ಳು ಅತ್ತಿತ್ತ ಓಲಾಡಿ ಒಂಬೈನೂರ ಎಪ್ಪತ್ತೆಂಟರಲ್ಲಿ ನಿಂತಿತು. ಉಗುರಿನಿಂದ ಗಾಜಿಗೆ ಎರಡು ಸಲ ಬಡಿದ. ಒಂಬೈನೂರ ಎಪ್ಪತ್ತೆಂಟೇ. ನಿನ್ನೆ ಸಾವಿರದ ಹನ್ನೆರಡಿತ್ತಲ್ಲ! ರಿಪೇರಿಯವನು ಕೆಡಿಸಿ ಕಳಿಸಿದ್ದಾನೆ, ಸೋಮಾರಿ, ಫೋನಿನಲ್ಲಿ ಸರಿಯಾಗಿ ಜಾಡಿಸಬೇಕು. ಬೇರೆಯವರ ತಪ್ಪು ಕೈಗೆ ಸಿಕ್ಕಾಗ ದಣಿದವನಿಗೂ ಒಂದು ಹುರುಪು ಬರುತ್ತದೆ. ಆ ಹುರುಪಿನಲ್ಲೇ ರಿಜಿಸ್ಟರು ತೆಗೆದ. ಒಂದೇ ದಿನದಲ್ಲಿ ಗಾಳಿಯ ಒತ್ತಡ ಅಷ್ಟು ಇಳಿಯಬೇಕಾದರೆ ಹೊರಗೆ ಬಿರುಗಾಳಿಗೆ ಮರಗಳು ಬುಡಸಮೇತ ಬಿದ್ದಿರಬೇಕಿತ್ತು. ಅವನು ಈಗಷ್ಟೇ ಎಲೆಯೂ ಅಲುಗದ ಬೀದಿಯಲ್ಲಿ ನಡೆದು ಬಂದಿದ್ದ.

ಹನ್ನೊಂದು ದಿನದ ಸಂಖ್ಯೆಗಳು ಅವನದೇ ಓರೆ ಅಕ್ಷರದಲ್ಲಿದ್ದವು. ಸಾವಿರದ ಹನ್ನೆರಡು, ಹದಿಮೂರು, ಹನ್ನೊಂದು, ಹದಿಮೂರು. ಪುಟ ತಿರುವಿದ. ಅದರ ಹಿಂದೆ ಒಂಬೈನೂರ ಎಪ್ಪತ್ತೇಳು, ಎಪ್ಪತ್ತೊಂಬತ್ತು, ಎಪ್ಪತ್ತೆಂಟು. ಅದರ ಹಿಂದಿನ ಪುಟದಲ್ಲೂ ಅಷ್ಟೇ, ಕಪಾಟಿನಲ್ಲಿದ್ದ ಹದಿನಾಲ್ಕು ವರ್ಷದ ರಿಜಿಸ್ಟರುಗಳಲ್ಲೂ ಅಷ್ಟೇ ಇರುತ್ತದೆ, ತೆಗೆದು ನೋಡುವುದೇನೂ ಬೇಕಿರಲಿಲ್ಲ. ಕುರ್ಚಿ ಹಿಂದೆ ಇದೆಯೋ ಇಲ್ಲವೋ ನೋಡದೆ ಕೂತ, ಪುಣ್ಯಕ್ಕೆ ಇತ್ತು. ಈ ಕಸುಬಿನ ಮೊದಲ ಪಾಠ ಅದು. ಕ್ಯಾನ್ಸರ್ ಗಡ್ಡೆಗೆ ಕಿರಣ ಹಾಯಿಸುವ ಮೆಷಿನ್ ಎಷ್ಟು ಕಿರಣ ಕೊಡುತ್ತಿದೆ ಎಂದು ಅಳೆಯುವುದು ಕಿರುಬೆರಳ ತುದಿಯಷ್ಟು ಗಾಳಿ ಹಿಡಿಯುವ ಒಂದು ಛೇಂಬರಿನಿಂದ. ಗಾಳಿ ತೆಳುವಾಗಿದ್ದರೆ ಅದು ಕಡಿಮೆ ತೋರಿಸುತ್ತದೆ, ದಟ್ಟವಾಗಿದ್ದರೆ ಹೆಚ್ಚು. ಆದ್ದರಿಂದ ಇಲ್ಲಿಯ, ಈ ಕೋಣೆಯ ಗಾಳಿಯ ಒತ್ತಡ ನೋಡಿ ಲೆಕ್ಕ ತಿದ್ದಿಕೊಳ್ಳಬೇಕು. ಊರು ಸಮುದ್ರಕ್ಕಿಂತ ಮುನ್ನೂರು ಮೀಟರ್ ಎತ್ತರದಲ್ಲಿತ್ತು. ಬ್ಯಾರೋಮೀಟರ್ ಇಲ್ಲದ ಈ ದಿನಗಳಲ್ಲಿ ಹವಾಮಾನ ಕಚೇರಿಯವರು ಫೋನಿನಲ್ಲಿ ಹೇಳುತ್ತಿದ್ದದ್ದು ಇಲ್ಲಿಯ ಒತ್ತಡವನ್ನಲ್ಲ. ಎಲ್ಲ ಊರುಗಳನ್ನೂ ಒಂದಕ್ಕೊಂದು ಹೋಲಿಸಲು ಬರಲಿ ಎಂದು ಸಮುದ್ರಮಟ್ಟಕ್ಕೆ ಇಳಿಸಿದ ಸಂಖ್ಯೆಯನ್ನು. ಅವನು ಆ ಸಂಖ್ಯೆಯನ್ನು ಹಾಕಿ ಲೆಕ್ಕ ಮಾಡಿದ್ದ. ಇಲ್ಲದ ಗಾಳಿಯನ್ನು ಇದೆ ಅಂದುಕೊಂಡಿದ್ದರಿಂದ ಮೆಷಿನ್ ಮೂರೂವರೆ ಪರ್ಸೆಂಟು ಕಡಿಮೆ ಕೊಡುತ್ತಿರುವ ಹಾಗೆ ಕಂಡಿತ್ತು; ಮೆಷಿನ್ನಿಗೂ ವಯಸ್ಸಾಯಿತು ಪಾಪ ಅಂದುಕೊಂಡು ಅಷ್ಟನ್ನು ತಿರುಗಿಸಿ ಏರಿಸಿದ್ದ. ಏನೂ ಕೆಟ್ಟಿರದಿದ್ದ ಮೆಷಿನ್ನನ್ನು ರಿಪೇರಿ ಮಾಡಿದ್ದ. ಅಂದಿನಿಂದ ಅದರಡಿ ಮಲಗಿದ ನಲವತ್ತೊಂದು ಜನಕ್ಕೂ ಬರೆದುಕೊಟ್ಟದ್ದಕ್ಕಿಂತ ಮೂರೂವರೆ ಪರ್ಸೆಂಟು ಜಾಸ್ತಿ ಬಿದ್ದಿತ್ತು. ನಲವತ್ತೊಂದರಲ್ಲಿ ಒಬ್ಬಳು ಅವನ ಅಕ್ಕ.

ಹೇಗೆ ಕಾಣಲಿಲ್ಲ? ದಿನಾ ನೋಡಿದ ಮುಖ ಬದಲಾದರೆ ಗೊತ್ತಾಗುವುದಿಲ್ಲವೆ? ಅರ್ಧ ಪರ್ಸೆಂಟು ವ್ಯತ್ಯಾಸಕ್ಕೂ ಇಡೀ ವಿಭಾಗವನ್ನು ಕಾಯಿಸುತ್ತಾನೆ ಎಂದು ಹುಡುಗಿಯರು ಅವನಿಗೆ ಹಿಂದಿನಿಂದ ಪಾಯಿಂಟ್ ಫೈವ್ ಎಂದು ಹೆಸರಿಟ್ಟಿದ್ದರು. ಅದು ಅವನಿಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಆದರೆ ಸಾವಿರದ ಹದಿಮೂರು ಪುಸ್ತಕದಲ್ಲಿರುವ ಸಂಖ್ಯೆ, ಪ್ರತಿ ಸೂತ್ರದಲ್ಲೂ ಬರುವ ಆದರ್ಶ ಒತ್ತಡ. ಕಾಲೇಜಿನಿಂದ ಅದನ್ನು ಬರೆದೂ ಬರೆದೂ ಅವನ ಕೈ ಅದಕ್ಕೆ ಒಗ್ಗಿಹೋಗಿತ್ತು. ಆ ದಿನ ಅದು ತೀರಾ ಸರಿಯಾಗಿ ಕಂಡಿತ್ತು. ಆ ದಿನ ಅಕ್ಕನ ಮೊದಲನೇ ದಿನ. ಹಿಂದಿನ ದಿನವಷ್ಟೇ ಗೋಡೆ ಒರೆಸುವಾಗ ಬ್ಯಾರೋಮೀಟರ್ ಬಿದ್ದು ಕೆಟ್ಟಿತ್ತು. ಅಕ್ಕ ಹೊರಗಿನ ಬೆಂಚಿನ ಮೇಲೆ ಬಂದು ಕೂತಾಗಿತ್ತು, ಮಡಿಲಲ್ಲಿ ನೀರಿನ ಬಾಟಲಿ, ಪ್ರಯಾಣಕ್ಕೆ ಹೊರಟವರ ಹಾಗೆ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನ್ ಕೊಟ್ಟವಳು ಅಕ್ಕ. ಮುಖ ಗೊತ್ತಿಲ್ಲದವರಿಗೂ ಅವಳ ದನಿ ಗೊತ್ತಿತ್ತು. ಆ ಗಂಟಲಿನಲ್ಲೇ ಗಡ್ಡೆ. ಸ್ಕ್ಯಾನಿನಲ್ಲಿ ಅದನ್ನು ನೋಡಿದಾಗಿನಿಂದ ಅವನಿಗೆ ಯಾವ ಸಂಖ್ಯೆಯ ಮೇಲೂ ಕಣ್ಣು ನಿಂತಿರಲಿಲ್ಲ. ಬೇಗ ಮುಗಿಸಿ ಅಕ್ಕನನ್ನು ಒಳಗೆ ಕರೆಯಬೇಕು, ಕಾಯಿಸಬಾರದು, ಅಷ್ಟೇ ತಲೆಯಲ್ಲಿದ್ದದ್ದು. ಹವಾಮಾನ ಕಚೇರಿಗೆ ಫೋನ್ ಮಾಡಿ ಕೇಳಿ ಎಂದು ಟೆಕ್ನಿಷಿಯನ್‌ಗೆ ಹೇಳಿದ್ದ. ಅವಳು ಚೀಟಿಯಲ್ಲಿ ಸಂಖ್ಯೆ ಬರೆದು ತಂದುಕೊಟ್ಟಳು. ಕೊಟ್ಟು, ಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಳು.

"ಮತ್ತೇನು?" ಎಂದಿದ್ದ, ತಲೆ ಎತ್ತದೆ.

"ಏನಿಲ್ಲ ಸರ್."

ಇದು ಈಗ ಯಾಕೆ ನೆನಪಿಗೆ ಬಂತು ಎಂದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಪೆಟ್ಟಿಗೆಯ ಪತ್ರಿಕೆಗಳನ್ನು ಮಡಿಸುತ್ತ ನಿಂತ. ಒಂಬತ್ತು ವರ್ಷದ ಹಿಂದೆ ಅವಳು ಅವನೆದುರು ಬಂದು ಕೂತಿದ್ದಳು, ಟೆಕ್ನಿಷಿಯನ್ ಆಗಿ ಅಲ್ಲ, ಅವನ ಕೈಕೆಳಗಿನ ಫಿಸಿಸಿಸ್ಟ್ ಕೆಲಸಕ್ಕೆ. ಮೇಜಿನ ಆಚೆ ಮೂರು ಜನ, ಈಚೆ ಅವಳೊಬ್ಬಳು, ಹೊಸ ಬಟ್ಟೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಬ್ಯಾರೋಮೀಟರ್ ಇಲ್ಲದಿದ್ದರೆ ಏನು ಮಾಡ್ತೀರಿ? ಅದು ಅವನ ಮೆಚ್ಚಿನ ಪ್ರಶ್ನೆ. ಪ್ರತಿ ವರ್ಷ ಯಾರಾದರೊಬ್ಬರು ಆ ಗುಂಡಿಗೆ ಬೀಳುತ್ತಿದ್ದರು. ಹವಾಮಾನ ಕಚೇರಿಯನ್ನ ಕೇಳ್ತೀನಿ ಸರ್, ಅಂದಳು. ಕೇಳಿ? ಕೇಳಿ ಆ ಸಂಖ್ಯೆ ಹಾಕ್ತೀನಿ ಸರ್. ಅವನು ಕುರ್ಚಿಗೆ ಒರಗಿ, ಪಕ್ಕದವರ ಕಡೆ ಒಂದು ನೋಟ ಹಾಯಿಸಿ, "ಯಾಕೆ ತಾಯಿ, ಸಮುದ್ರ ನಿಮ್ಮನೆ ಹಿತ್ತಲಲ್ಲಿದೆಯಾ?" ಎಂದಿದ್ದ. ಪಕ್ಕದವರು ನಕ್ಕರು. ಒಬ್ಬರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವಳೂ ನಗಲು ನೋಡಿದಳು. ಅದೇ ಅವನಿಗೆ ಈಗ ಸಹಿಸಲಾಗದ ಭಾಗ. ಆ ಕೆಲಸ ಅವಳಿಗೆ ಸಿಗಲಿಲ್ಲ. ಒಂದು ವರ್ಷ ಬಿಟ್ಟು ಅದೇ ವಿಭಾಗಕ್ಕೆ ಟೆಕ್ನಿಷಿಯನ್ನಾಗಿ ಬಂದಳು, ಪೇಷಂಟುಗಳನ್ನು ಮಲಗಿಸಿ ಗುಂಡಿ ಒತ್ತುವ ಕೆಲಸಕ್ಕೆ. ಎಂಟು ವರ್ಷದಲ್ಲಿ ಆ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಅವಳು ಮರೆತಿದ್ದಾಳೆ ಅಂದುಕೊಳ್ಳುವುದು ಅವನಿಗೆ ಅನುಕೂಲವಾಗಿತ್ತು.

ಏಳೂವರೆಗೆ ಅವಳ ಚಪ್ಪಲಿಯ ಸದ್ದು ಕೇಳಿತು. ಮೆಷಿನ್ ಬೆಚ್ಚಗಾಗಲು ಬಿಟ್ಟು, ಕೂದಲನ್ನು ಕ್ಲಿಪ್ಪಿಗೆ ಸಿಕ್ಕಿಸುತ್ತ ಬಾಗಿಲಿಗೆ ಬಂದಳು. ಅವಳ ಕಣ್ಣು ಮೊದಲು ಗೋಡೆಗೆ ಹೋಯಿತು, ಆಮೇಲೆ ಮೇಜಿನ ಮೇಲೆ ತೆರೆದಿದ್ದ ರಿಜಿಸ್ಟರಿಗೆ, ಆಮೇಲೆ ಅವನಿಗೆ.

"ಇವತ್ತು ಯಾರನ್ನೂ ಒಳಗೆ ಕರೀಬೇಡಿ," ಎಂದ.

"ಎಷ್ಟೊತ್ತು ಸರ್? ಎಂಟೂವರೆಗೆ ಶುರು. ನಿಮ್ಮ ಅಕ್ಕನೇ ಮೊದಲನೆಯವರು."

"ಹೇಳ್ತೀನಿ."

ಅವಳು ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ದೊಡ್ಡ ಡಾಕ್ಟರು ಬರುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಅವನು ಕಾರಿಡಾರಿನ ಕಡೆ ಹೋಗಬಾರದು ಅಂದುಕೊಂಡಿದ್ದ, ಆದರೂ ಹೋದ. ಬೆಂಚುಗಳು ತುಂಬಿದ್ದವು. ಮೇಲೆ ಗೋಡೆಗೆ ಬಡಿದಿದ್ದ ಟಿವಿಯಲ್ಲಿ ಮಂತ್ರಿಯೊಬ್ಬರು ಹಳದಿ ಹೆಲ್ಮೆಟ್ ಹಾಕಿಕೊಂಡು ಒಂದು ಸುರಂಗದಲ್ಲಿ ನಡೆಯುತ್ತಿದ್ದರು. ದೇಶದ ಹೊಸ ಆಕ್ಸಿಲರೇಟರ್, ಸುತ್ತಳತೆ ಇಷ್ಟು ಕಿಲೋಮೀಟರ್, ವಿಶ್ವದ ರಹಸ್ಯ, ನಮ್ಮ ವಿಜ್ಞಾನಿಗಳು. ಬೆಂಚಿನವರು ಸುಮ್ಮನೆ ನೋಡುತ್ತಿದ್ದರು. ತಾವು ಕಾಯುತ್ತಿರುವುದೂ ಅಂಥದೇ ಒಂದರ ತಮ್ಮನಂಥ ಯಂತ್ರಕ್ಕೆ, ಆಳೆತ್ತರದ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಓಡಿಸಿ ಲೋಹದ ಬಿಲ್ಲೆಗೆ ಗುದ್ದಿಸುವ ಯಂತ್ರಕ್ಕೆ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗದು ಬರೀ ಮೆಷಿನ್ನು. ಅವನೂ ಒಂದು ಕಾಲದಲ್ಲಿ ಅಂಥ ಸುರಂಗದಲ್ಲಿ ಹೆಲ್ಮೆಟ್ ಹಾಕಿಕೊಂಡು ನಡೆದವನೇ. ಹಳೆಯ ಉಂಗುರಾಕಾರದ ಆಕ್ಸಿಲರೇಟರಿನಲ್ಲಿ ಆರು ವರ್ಷ, ಮುನ್ನೂರು ಜನರಲ್ಲಿ ಒಬ್ಬನಾಗಿ, ಅಯಸ್ಕಾಂತಗಳ ಸಾಲನ್ನು ಕೂದಲೆಳೆಯಷ್ಟು ಸರಿಸುವ ಕೆಲಸ. ಆಸ್ಪತ್ರೆಗೆ ಹೋಗುತ್ತೇನೆ ಎಂದಾಗ ನಿರ್ದೇಶಕರು, "ಹೋಗಿ ಹೋಗಿ, ಮಿಕ್ಸಿ ರಿಪೇರಿಗೂ ಜನ ಬೇಕಲ್ಲ," ಎಂದು ಬೆನ್ನು ತಟ್ಟಿದ್ದರು. ಜೊತೆಗಿದ್ದ ಗೆಳೆಯನೊಬ್ಬ ಕಾರ್ಖಾನೆ ಸೇರಿದ. ಅಲ್ಲಿ ಇದೇ ಕಿರಣದಡಿ ಸಿರಿಂಜುಗಳ ಪೆಟ್ಟಿಗೆಗಳು ಸಾಲಾಗಿ ಹೋಗಿ ಕ್ರಿಮಿಯಿಲ್ಲದೆ ಹೊರಬರುತ್ತವೆ, ಕೇಬಲ್ಲಿನ ಹೊದಿಕೆ ಗಟ್ಟಿಯಾಗುತ್ತದೆ. ಮೂರೂವರೆ ಜಾಸ್ತಿಯಾದರೆ ನನ್ನ ಸಿರಿಂಜು ಇನ್ನೂ ಸ್ವಚ್ಛ ಕಣಯ್ಯಾ ಎಂದು ಆ ಗೆಳೆಯ ನಗುತ್ತಿದ್ದ ಖಂಡಿತ. ಸಿರಿಂಜಿಗೆ ಗಂಟಲು ಒಣಗುವುದಿಲ್ಲ.

"ಪುಟ್ಟಾ!" ಅಕ್ಕ ಬೆಂಚಿನಿಂದ ಕೈ ಬೀಸಿದಳು. ಐವತ್ತೇಳು ವರ್ಷದವನನ್ನು ಕಾರಿಡಾರಿನಲ್ಲಿ ಹಾಗೆ ಕರೆಯಬೇಡ ಎಂದು ಎಷ್ಟು ಸಲ ಹೇಳಿದರೂ ಕೇಳುವವಳಲ್ಲ. ದನಿ ಮಾತ್ರ ಅವಳದಾಗಿರಲಿಲ್ಲ. ಮರಳಿನ ಕಾಗದ ಉಜ್ಜಿದ ಹಾಗಿತ್ತು. ಕುತ್ತಿಗೆಯ ಚರ್ಮ ಕೆಂಪಗಾಗಿ, ಅದರ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದಳು. ಪಕ್ಕದಲ್ಲಿ ಕೂತ ಹೊಸಬಳೊಬ್ಬಳಿಗೆ ಏನೋ ಧೈರ್ಯ ಹೇಳುತ್ತಿದ್ದಳು. "ಇವನೇ ನನ್ನ ತಮ್ಮ. ಮೆಷಿನ್ ಎಲ್ಲ ಇವನೇ ನೋಡ್ಕೊಳ್ಳೋದು. ಒಂದು ಕೂದಲೆಳೆ ಹೆಚ್ಚುಕಡಿಮೆ ಆಗೋಕೆ ಬಿಡಲ್ಲ. ನೀವೇನೂ ಹೆದರ್ಕೋಬೇಡಿ." ಹೊಸಬಳು ಎದ್ದು ನಿಂತು ಅವನಿಗೆ ನಮಸ್ಕಾರ ಮಾಡಿದಳು. ಅವನು ಏನೋ ಗೊಣಗಿದ. ಮೆಷಿನ್ ಚೆಕ್ ಆಗ್ತಿದೆ, ಸ್ವಲ್ಪ ತಡ ಆಗುತ್ತೆ ಅಕ್ಕಾ, ಮನೆಗೆ ಹೋಗಿ ಬರ್ತೀಯಾ? "ತಡ ಆದ್ರೆ ಆಗ್ಲಿ ಬಿಡೋ. ಮನೇಲೇನು ಲೈನ್ ಕಾಯ್ತಾ ಇದ್ಯಾ ನಂಗೆ?" ಎಂದು, ನಕ್ಕು, ನುಂಗಿ, ಆ ನುಂಗಿದ್ದಕ್ಕೆ ಕಣ್ಣು ಮುಚ್ಚಿಕೊಂಡಳು. ಮೊನ್ನೆ ಅವನ ಮನೆಯಲ್ಲಿ ಒಂದು ಲೋಟ ತಣ್ಣನೆಯ ಹಾಲನ್ನು ಅರ್ಧ ಗಂಟೆ ಹಿಡಿದು ಕೂತಿದ್ದಳು. ಈ ಉರಿ ಯಾಕೋ ಜಾಸ್ತಿ ಅನ್ನಿಸ್ತಿದೆ ಕಣೋ, ಡಾಕ್ಟರು ಹೇಳಿದ್ದಕ್ಕಿಂತ, ಅಂದಿದ್ದಳು. ಅವನು ಪತ್ರಿಕೆಯಿಂದ ತಲೆ ಎತ್ತಿ, ಎಲ್ಲರಿಗೂ ಮೂರನೇ ವಾರ ಹೀಗೇ, ನೀನೊಂದು ದೊಡ್ಡದು ಮಾಡಬೇಡ ಅಂದಿದ್ದ. ಅಲ್ಲಿಂದ ಮುಂದೆ ಅವಳು ಅದರ ಮಾತೆತ್ತಿರಲಿಲ್ಲ. ಹಾಲನ್ನು ತಿರುಗಿ ಅಡುಗೆಮನೆಗೆ ಒಯ್ದು ಸಿಂಕಿಗೆ ಸುರಿದದ್ದು ಅವನಿಗೆ ಕೇಳಿಸಿತ್ತು.

ದೊಡ್ಡ ಡಾಕ್ಟರು ಅವನಿಗಿಂತ ಹದಿನೈದು ವರ್ಷ ಚಿಕ್ಕವರು. ಕೋಟನ್ನು ಹ್ಯಾಂಗರಿಗೆ ಹಾಕುತ್ತ, ಕೈ ತೊಳೆಯುತ್ತ, ಒರೆಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು. ಅವನು ನಿಂತೇ ಹೇಳಿದ. ಹೇಳುವಾಗ ವಿಚಿತ್ರವೆಂದರೆ ದನಿ ಪಾಠ ಮಾಡುವವನ ಹಾಗೆ ಸ್ಪಷ್ಟವಾಗಿತ್ತು.

"ಒಟ್ಟು ಎಷ್ಟು ಅಂದ್ರಿ?"

"ಮೂರೂವರೆ. ಹನ್ನೊಂದು ದಿನ."

"ಅಷ್ಟೇನಾ! ನಿಮ್ಮ ಮುಖ ನೋಡಿ ನಾನು ಎದೆ ಒಡ್ಕೊಂಡೆ." ಅವರು ನಿಜವಾಗಿಯೂ ಹಗುರಾಗಿ ಕುರ್ಚಿಗೆ ಕೂತರು. "ಐದು ಪರ್ಸೆಂಟಿನೊಳಗಿದ್ರೆ ನಡೆಯುತ್ತಲ್ಲ ಸರ್. ಉಳಿದ ದಿನಗಳಲ್ಲಿ ಅಷ್ಟಷ್ಟು ಕಡಿಮೆ ಮಾಡಿ ಸರಿ ಮಾಡ್ಬಿಡೋಣ. ಪೇಷಂಟಿಗೆ ಇದರಿಂದ ಏನೂ ಆಗಲ್ಲ, ನಿಮಗೇ ಗೊತ್ತು."

"ಆಗಲ್ಲ ಅಂತ ಅನ್ಸುತ್ತೆ. ಗೊತ್ತಿಲ್ಲ."

"ಬರೆದು ಮೇಲೆ ಕಳಿಸೋದು ಅಂದ್ರೆ ಆಮೇಲೆ ಕಮಿಟಿ, ಪೇಪರ್‌ನವರು. ಮೆಷಿನ್ ನಿಲ್ಲಿಸಿಬಿಟ್ಟರೆ ಹೊರಗೆ ಕೂತಿರೋರೆಲ್ಲ ಎಲ್ಲಿಗೆ ಹೋಗ್ಬೇಕು?" ಎಂದರು. ಅದು ಸುಳ್ಳಾಗಿರಲಿಲ್ಲ. ಇನ್ನೊಂದು ಮೆಷಿನ್ ಇದ್ದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಆಮೇಲೆ, ಪೆನ್ನಿನ ಕ್ಯಾಪು ತೆಗೆಯುತ್ತ ಹಾಕುತ್ತ, "ಅಂದಹಾಗೆ ಆ ಕಚೇರಿಗೆ ಫೋನ್ ಮಾಡಿದ್ದು ಯಾರು?" ಎಂದು ಕೇಳಿದರು.

"ಟೆಕ್ನಿಷಿಯನ್," ಎಂದ.

ಅದು ನಿಜವಾಗಿತ್ತು. ಆದರೂ ಬಾಯಿಂದ ಹೊರಬಿದ್ದ ಕೂಡಲೇ ಕೋಣೆಯಲ್ಲಿ ಏನೋ ಜಾಗ ಬದಲಿಸಿದ ಹಾಗಾಯಿತು. ದೊಡ್ಡ ಡಾಕ್ಟರು, "ಓ, ಹಾಗೋ," ಎಂದು ತಲೆಯಾಡಿಸಿದರು, ಕೆಟ್ಟ ಮನುಷ್ಯರ ಹಾಗೇನೂ ಅಲ್ಲ, ಹೊರೆ ಇಳಿಸಲು ಒಂದು ಕಟ್ಟೆ ಸಿಕ್ಕವರ ಹಾಗೆ. "ಹಾಗಿದ್ರೆ ಅವರಿಗೊಂದು ಮೆಮೋ ಕೊಟ್ಟು ಫೈಲಿನಲ್ಲಿಟ್ಟರೆ ಆಯ್ತಲ್ಲ. ನೀವು ಇನ್ನು ಮೂರು ವರ್ಷಕ್ಕೆ ರಿಟೈರ್ ಆಗೋರು. ಯಾಕೆ ಸುಮ್ನೆ." ಅವನು ಅಲ್ಲ ಎಂದು ಹೇಳಬೇಕಿತ್ತು. ಲೆಕ್ಕ ಮಾಡಿದ್ದು ನಾನು, ತಿರುಗಿಸಿದ್ದು ನಾನು, ಸಹಿ ನನ್ನದು. ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. "ಮೊದಲು ಮೆಷಿನ್ ಸರಿ ಮಾಡ್ತೀನಿ," ಎಂದಷ್ಟೇ ಹೇಳಿ ಹೊರಗೆ ಬಂದ. ನೆಲಮಾಳಿಗೆಯ ಮೆಟ್ಟಿಲಿಳಿದ. ಎಷ್ಟು ಸುಲಭವಾಗಿ ಹೇಳಿಬಿಟ್ಟೆ! ಹೆಸರೂ ಹೇಳಲಿಲ್ಲ, ಟೆಕ್ನಿಷಿಯನ್ ಅಂದೆ, ಅಲ್ಲಿದ್ದದ್ದು ಒಂದು ಸ್ಟೂಲು ಅನ್ನುವ ಹಾಗೆ.

ಮೆಷಿನ್ ಕೋಣೆಯ ಗೋಡೆ ಎರಡು ಮೀಟರ್ ದಪ್ಪ. ಒಳಗೆ ಹೋದರೆ ಹೊರಗಿನ ಯಾವ ಸದ್ದೂ ಇರುವುದಿಲ್ಲ. ಇಬ್ಬರೂ ಸೇರಿ ನೀರಿನ ತೊಟ್ಟಿಯನ್ನು ತಳ್ಳಿಕೊಂಡು ಬಂದು ಮೆಷಿನ್ನಿನ ಕೆಳಗೆ ಇಟ್ಟರು, ಮಟ್ಟ ನೋಡಿದರು. ಛೇಂಬರನ್ನು ಹತ್ತು ಸೆಂಟಿಮೀಟರ್ ಆಳಕ್ಕೆ ಇಳಿಸುವಾಗ ಅವನು ಎರಡು ಸಲ ಗುರುತು ತಪ್ಪಿದ. ಅವಳು ತಾನೇ ತೆಗೆದುಕೊಂಡು ಇಳಿಸಿದಳು. ಹೊರಗೆ ಬಂದು, ಬಾಗಿಲು ಮುಚ್ಚಿ, ಕಿರಣ ಹಾಯಿಸಿ, ಅಳತೆ ಬರೆದುಕೊಂಡರು. ಮತ್ತೆ ಒಳಗೆ, ಮತ್ತೆ ಹೊರಗೆ. ಗೋಡೆಯ ಬ್ಯಾರೋಮೀಟರನ್ನು ಅವಳೇ ಓದಿ ಬಂದಳು. ಎರಡು ಗಂಟೆ ಹೀಗೇ ಕಳೆಯಿತು. ಲೆಕ್ಕ ಬಂದದ್ದು ಮೂರೂವರೆಯೇ, ಒಂದಿಷ್ಟೂ ಅತ್ತಿತ್ತಿಲ್ಲ. ಕೆಟ್ಟ ಸುದ್ದಿಯೂ ಇಷ್ಟು ಕರಾರುವಾಕ್ಕಾಗಿ ಬರುತ್ತದಲ್ಲ ಎಂದು ಅವನಿಗೆ ನಗು ಬಂದಂತಾಯಿತು. ತಿರುಗಿಸಿ ಇಳಿಸಿದ. ಕೊನೆಯ ಸಲ ಛೇಂಬರ್ ಎತ್ತಿ ಬಟ್ಟೆಯಲ್ಲಿ ಒರೆಸುತ್ತ, ಅವಳ ಮುಖ ನೋಡದೆ ಕೇಳಿದ.

"ಅವತ್ತು ಆ ಚೀಟಿ ಕೊಟ್ಟು ಬಾಗಿಲಲ್ಲಿ ನಿಂತಿದ್ರಲ್ಲ. ಏನು ಕೇಳ್ಬೇಕು ಅಂತ ಇದ್ರಿ?"

ಅವಳು ತೊಟ್ಟಿಯ ನೀರಿನ ಕೊಳವೆ ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸಲಿಲ್ಲ.

"ಬಿಡಿ ಸರ್, ಈಗ್ಯಾಕೆ?"

"ಹೇಳಿ."

"ಇದು ಇಲ್ಲಿಯ ಒತ್ತಡನಾ, ಸಮುದ್ರಮಟ್ಟದ್ದಾ ಅಂತ." ಇನ್ನೊಂದು ಸುತ್ತು ಸುತ್ತಿದಳು. "ಆ ಒಂದು ವಿಷಯ ಮಾತ್ರ ನಾನು ಜನ್ಮದಲ್ಲಿ ಮರೆಯಲ್ಲ ಸರ್. ಕಚೇರಿಯವರನ್ನೇ ಕೇಳ್ಬಿಡೋಣ ಅಂದ್ಕೊಂಡೆ. ಆಮೇಲೆ, ನನಗೆ ಪಾಠ ಹೇಳಿದೋರೇ ನೀವು, ನಿಮಗೆ ಗೊತ್ತಿರಲ್ವಾ, ನೀವು ತಿದ್ದಿಕೊಂಡೇ ಹಾಕಿರ್ತೀರಿ ಅಂದ್ಕೊಂಡೆ. ಕೇಳಿದ್ರೆ ಏನಂತೀರೋ ಅಂತ ಭಯಾನೂ ಇತ್ತು. ಪೇಷಂಟೆಲ್ಲ ಎದುರಿಗೇ ಇದ್ರು." ಕೊಳವೆಯನ್ನು ಮೊಳೆಗೆ ಹಾಕಿದಳು. "ಹನ್ನೊಂದು ದಿನ ನಾನೂ ಗುಂಡಿ ಒತ್ತಿದ್ದೀನಿ ಸರ್. ನನ್ನದೂ ತಪ್ಪಿದೆ. ದಿನಾ ಹೋಗುವಾಗ ನಾಳೆ ಕೇಳೋಣ ಅನ್ಕೊಂಡು ಹೋಗ್ತಿದ್ದೆ."

ಅವಳ ದನಿಯಲ್ಲಿ ಸೇಡಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಕ್ಷಮಿಸಿ ಎನ್ನಬೇಕು, ಆ ಹಿತ್ತಲಿನ ಮಾತಿಗೆ, ಆ ನಗುವಿಗೆ. ಆದರೆ ಒಂಬತ್ತು ವರ್ಷ ತಡವಾದ ಕ್ಷಮೆಯನ್ನು ಎಲ್ಲಿಂದ ಶುರುಮಾಡುವುದು ತಿಳಿಯದೆ, "ಆ ತೊಟ್ಟಿ ಭಾರ ಇದೆ, ಒಬ್ಬರೇ ಎಳೀಬೇಡಿ," ಎಂದ. ಇಬ್ಬರೂ ತಳ್ಳಿಕೊಂಡು ಹೋದರು. ಚಕ್ರವೊಂದು ಕಿರುಗುಟ್ಟುತ್ತಿತ್ತು, ಎಣ್ಣೆ ಹಾಕಿಸಬೇಕು ಎಂದು ಇಬ್ಬರೂ ಒಟ್ಟಿಗೇ ಅಂದರು.

ವರದಿಯ ಫಾರಂ ಎರಡು ಪುಟದ್ದು. ಅದನ್ನು ತುಂಬುವುದು ಹೇಗೆಂದು ಬೇರೆಯವರಿಗೆ ಕಲಿಸಿದ್ದವನು ತನ್ನ ಹೆಸರನ್ನು ಅದರಲ್ಲಿ ಬರೆಯುತ್ತಿರುವುದು ಇದೇ ಮೊದಲು. ಏನಾಯಿತು, ಯಾವಾಗ, ಎಷ್ಟು ಜನಕ್ಕೆ ಎಂಬುದನ್ನೆಲ್ಲ ಬರೆದ. ಯಾರಿಂದ ಎಂಬಲ್ಲಿ ತನ್ನ ಹುದ್ದೆ, ತನ್ನ ಸಹಿ. ಕಾರಣ ಎಂಬ ಸಾಲಿನಲ್ಲಿ, ಹವಾಮಾನ ಕಚೇರಿಯ ಸಮುದ್ರಮಟ್ಟದ ಒತ್ತಡವನ್ನು ಸ್ಥಳದ ಒತ್ತಡವೆಂದು ನಾನು ತಪ್ಪಾಗಿ ಬಳಸಿದ್ದು, ಎಂದು ಬರೆದ. ಕೆಳಗೆ ಇನ್ನೊಂದು ಸಾಲಿತ್ತು: ತಪ್ಪು ಬೇಗ ಪತ್ತೆಯಾಗದಿರಲು ಕಾರಣ. ಅಲ್ಲಿ ಪೆನ್ನು ನಿಂತಿತು. ಉಪಕರಣದ ಅಭಾವ ಎಂದು ಬರೆಯಬಹುದಿತ್ತು, ಎಲ್ಲರೂ ಒಪ್ಪುವ ಮಾತು. ಟೆಕ್ನಿಷಿಯನ್‌ಗೆ ಅನುಮಾನ ಬಂದಿತ್ತು. ನನ್ನನ್ನು ಪ್ರಶ್ನೆ ಕೇಳಲು ಅವರು ಹೆದರುವಂತೆ ನಾನು ನಡೆದುಕೊಂಡಿದ್ದೆ. ಹೀಗೆ ಬರೆದು ಓದಿದ. ಸರ್ಕಾರಿ ಫಾರಂನಲ್ಲಿ ಇಂಥದನ್ನು ಯಾರಾದರೂ ಬರೆಯುತ್ತಾರೆಯೆ ಅನ್ನಿಸಿ ಕಿವಿ ಬಿಸಿಯಾಯಿತು. ಹೊಡೆದುಹಾಕಲಿಲ್ಲ. ದೊಡ್ಡ ಡಾಕ್ಟರ ಮೇಜಿನ ಮೇಲೆ ಇಟ್ಟು, "ಮೆಮೋ ಬೇಡ. ಆಗ ನಾನು ಅರ್ಧ ಹೇಳಿದ್ದೆ," ಎಂದ. ಅವರು ಓದಿದರು. ಕನ್ನಡಕ ತೆಗೆದರು, ಹಾಕಿಕೊಂಡರು. "ನಿಮಗೆ ಹಟ ಸರ್," ಎಂದರು. ಸಹಿ ಮಾಡಲು ಪೆನ್ನು ಹುಡುಕಲು ಶುರುಮಾಡಿದರು. ಅದು ಅವರ ಕೈಯಲ್ಲೇ ಇತ್ತು.

ಹನ್ನೆರಡೂವರೆಗೆ ಅಕ್ಕನನ್ನು ತನ್ನ ಕೋಣೆಗೆ ಕರೆದು ಕೂರಿಸಿದ. ನಲವತ್ತೊಂದು ಜನಕ್ಕೂ ಹೇಳಬೇಕಿತ್ತು, ಇಂದು, ನಾಳೆ, ಒಬ್ಬೊಬ್ಬರಿಗೆ. ಇವಳಿಂದ ಶುರುಮಾಡುವುದು ನ್ಯಾಯವೋ ಹೇಡಿತನವೋ ಯೋಚಿಸುವ ತ್ರಾಣ ಇರಲಿಲ್ಲ. ಗೋಡೆಯ ಬ್ಯಾರೋಮೀಟರ್ ತೋರಿಸಿ, ಎತ್ತರ, ಗಾಳಿ, ಸಮುದ್ರ ಎಂದೆಲ್ಲ ಹೇಳಿದ. ಅಕ್ಕ ಎಕ್ಸ್‌ಚೇಂಜಿನಲ್ಲಿ ಕೇಳುತ್ತಿದ್ದ ಹಾಗೆ, ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದಳು.

"ಅಂದ್ರೆ ನಂಗೆ ಜಾಸ್ತಿ ಬಿತ್ತು."

"ಹೂಂ."

"ಹಾಗಾದ್ರೆ ನನ್ನ ಉರಿ ಸುಳ್ಳಲ್ಲ."

ಅಷ್ಟರಿಂದ ಉರಿ ಹೆಚ್ಚುಕಡಿಮೆ ಆಗುವುದು ಗೊತ್ತಾಗುವುದಿಲ್ಲ ಅಕ್ಕಾ, ಎಂದು ಬಾಯಿಯವರೆಗೆ ಬಂತು. ವಿಜ್ಞಾನ ಅದನ್ನೇ ಹೇಳುತ್ತಿತ್ತು. ಮೂರೂವರೆ ಪರ್ಸೆಂಟನ್ನು ಯಾವ ಗಂಟಲೂ ಎಣಿಸಲಾರದು. ಆದರೆ ಅವಳ ಮುಖದಲ್ಲಿ, ಈ ಎರಡು ವಾರದಲ್ಲಿ ಮೊದಲ ಸಲ, ಒಂದು ನೆಮ್ಮದಿ ಕಾಣಿಸಿತು. ಸಿಂಕಿಗೆ ಹಾಲು ಸುರಿದ ಸದ್ದು ಅವನ ಕಿವಿಯಲ್ಲಿತ್ತು.

"ನಿನ್ನ ಉರಿ ಯಾವತ್ತೂ ಸುಳ್ಳಾಗಿರಲಿಲ್ಲ ಅಕ್ಕಾ. ನಾನು ಕೇಳಿಸ್ಕೊಳ್ಳಲಿಲ್ಲ."

"ಮೂರನೇ ದಿನದಿಂದಾನೇ ಒಳಗೆ ಮಲಗಿದಾಗ ಹೆದರಿಕೆ ಆಗ್ತಿತ್ತು," ಎಂದಳು ಅಕ್ಕ. "ತೊಂದರೆ ಆದ್ರೆ ಕೈ ಎತ್ತಿ, ನಿಲ್ಲಿಸ್ತೀವಿ ಅಂತ ಆ ಹುಡುಗಿ ದಿನಾ ಹೇಳೋಳು ಪಾಪ. ಎತ್ಲಿಲ್ಲ. ತಮ್ಮನ ಮೆಷಿನ್ನು, ನಾನೇ ನಿಲ್ಲಿಸಿದ್ರೆ ನಾಕು ಜನ ಏನಂತಾರೆ? ನಮ್ಮ ಕೆಲಸದಲ್ಲೂ ಅದೇ ಅಲ್ವೇನೋ, ಲೈನ್ ಕೊಟ್ಟಮೇಲೆ ಮಧ್ಯ ಬಾಯಿ ಹಾಕಬಾರದು." ಬಾಟಲಿಯಿಂದ ಒಂದು ಗುಟುಕು ಕುಡಿದು, ನುಂಗಿ, ಕಣ್ಣು ಮುಚ್ಚಿ ತೆರೆದಳು. "ಬೈಯೋಕೆ ದನಿ ಇಲ್ಲ ಪುಟ್ಟಾ. ಬಂದಮೇಲೆ ಬೈತೀನಿ, ನೆನಪಿಟ್ಕೋ."

"ನೆನಪಿಟ್ಕೋತೀನಿ."

"ಆ ಹೊಸಬಳಿಗೆ ಏನು ಹೇಳ್ಲಿ? ಕೂದಲೆಳೆ ಹೆಚ್ಚುಕಡಿಮೆ ಆಗಲ್ಲ ಅಂತ ಬೆಳಿಗ್ಗೆಯಿಂದ ಹೇಳಿದ್ದೀನಿ." ಉತ್ತರಕ್ಕೆ ಕಾಯದೆ ಅಕ್ಕನೇ ಎದ್ದಳು. "ನಡಿ, ಹಾಕೋದಾದ್ರೆ ಹಾಕು. ಹೊಟ್ಟೆ ಹಸೀತಾ ಇದೆ, ಹಸಿದ್ರೂ ತಿನ್ನೋಕಾಗಲ್ಲ, ಇದೊಂದು ಚೆಂದ."

ಟೆಕ್ನಿಷಿಯನ್ ಅಕ್ಕನನ್ನು ಮಲಗಿಸಿ, ಮುಖದ ಅಚ್ಚಿಗೆ ತಕ್ಕ ಬಲೆಯಂಥ ಬಿಳಿ ಮಾಸ್ಕನ್ನು ಇಳಿಸಿ, ಹಲಗೆಗೆ ಬಿಗಿದಳು. ದಿನಾ ಹೇಳುವ ಮಾತನ್ನೇ ಹೇಳಿದಳು: "ಏನಾದ್ರೂ ಆದ್ರೆ ಕೈ ಎತ್ತಿ ಅಮ್ಮಾ." ಅವನು ಕಂಟ್ರೋಲ್ ರೂಮಿನಲ್ಲಿ ಅವಳ ಕುರ್ಚಿಯ ಹಿಂದೆ ನಿಂತ. ಸಾಧಾರಣವಾಗಿ ಅವನು ಅಲ್ಲಿ ನಿಲ್ಲುವುದಿಲ್ಲ. ಅವಳು ಪರದೆಯ ಮೇಲಿನ ಸಂಖ್ಯೆಗಳನ್ನು ಗಟ್ಟಿಯಾಗಿ ಓದಿದಳು, ಒಂದೊಂದಾಗಿ, ಬೇಕಂತಲೇ ನಿಧಾನವಾಗಿ, ಓದಿ, ಹಿಂತಿರುಗಿ, "ಸರಿ ಇದೆಯಾ ಸರ್?" ಎಂದು ಕೇಳಿದಳು. ಎಂಟು ವರ್ಷದಲ್ಲಿ ಅವನ ಲೆಕ್ಕದ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ ಅದು ಅನ್ನಿಸಿತು. "ಇನ್ನೊಂದ್ಸಲ ನೋಡೋಣ," ಎಂದು ಬಗ್ಗಿ ನೋಡಿದ. ಸರಿ ಇತ್ತು. ಅವಳು ಗುಂಡಿ ಒತ್ತಿದಳು. ಗೋಡೆಯಾಚೆ ಮೆಷಿನ್ ಗುಂಯ್ಗುಟ್ಟತೊಡಗಿತು. ಪರದೆಯಲ್ಲಿ ಅಕ್ಕ ಬೂದು ಬಣ್ಣದ ಪುಟ್ಟ ಆಕೃತಿಯಾಗಿ ಮಲಗಿದ್ದಳು, ಪಾದಗಳೆರಡೂ ಜೋಡಿಸಿಕೊಂಡು.

ಅಕ್ಕನ ಬಲಗೈ ಎದ್ದಿತು.

ಟೆಕ್ನಿಷಿಯನ್ ಆ ಕ್ಷಣವೇ ನಿಲ್ಲಿಸಿದಳು. ಸೀಸದ ಬಾಗಿಲು ತನ್ನ ಪಾಡಿಗೆ ಮೆಲ್ಲಗೆ ಸರಿಯುತ್ತದೆ, ಯಾರ ಅವಸರಕ್ಕೂ ಅಲ್ಲ. ಅದು ಪೂರ್ತಿ ತೆರೆಯುವ ಮೊದಲೇ ಅವನು ಅಡ್ಡಡ್ಡವಾಗಿ ನುಸುಳಿ ಓಡಿದ. ಮೊಣಕಾಲು ಹಲಗೆಗೆ ಬಡಿಯಿತು. ರಕ್ತ ಬರುತ್ತಿದೆಯೆ, ಉಸಿರು ಕಟ್ಟಿದೆಯೆ, ಮತ್ತೇನು ಮಾಡಿದೆ ನಾನು, ಇನ್ನೆಲ್ಲಿ ತಪ್ಪಿದೆ? ಟೆಕ್ನಿಷಿಯನ್ ಅವನ ಹಿಂದೆಯೇ ಬಂದಳು.

"ಏನಾಯ್ತಕ್ಕಾ? ಏನಾಯ್ತು?"

ಬಿಳಿಯ ಬಲೆಯೊಳಗೆ ತುಟಿ ಸ್ವಲ್ಪವೇ ಅಲುಗಿತು. ಅವನು ಕಿವಿಯನ್ನು ತೀರಾ ಹತ್ತಿರ ತರಬೇಕಾಯಿತು.

"ಏನಿಲ್ಲ ಕಣೋ. ಎತ್ತಿದ್ರೆ ನಿಜವಾಗ್ಲೂ ನಿಲ್ಲುತ್ತಾ ಅಂತ ನೋಡ್ದೆ."

ಅವನು ಹಲಗೆಯ ಅಂಚು ಹಿಡಿದು ನಿಂತ. ಹಿಂದಿನಿಂದ ಟೆಕ್ನಿಷಿಯನ್ನೇ ಹೇಳಿದಳು: "ನಿಲ್ಲುತ್ತೆ ಅಮ್ಮಾ. ಯಾವಾಗ ಬೇಕಾದ್ರೂ ಎತ್ತಿ."

ಕೈ ಮೆಲ್ಲಗೆ ಕೆಳಗಿಳಿದು ತನ್ನ ಜಾಗದಲ್ಲಿ ಮಲಗಿತು.

"ಸರಿ ಹಾಗಾದ್ರೆ," ಎಂದಳು ಅಕ್ಕ. "ಲೈನ್ ಕೊಡು."